ಹನ್ನೆರಡನೇ ನಂಬರಿನ ಮನೆಯ ನಲ್ಲಿ

ಬೆಳಗಿನ ಆರೂವರೆಗೆ ಕನೀಜ್ ಕಾರಿನ ಗಾಜಿನ ಮೇಲೆ ಗಟ್ಟಿಯಾಗಿದ್ದ ಹಿಮವನ್ನು ಹಳೆಯ ಲೈಬ್ರರಿ ಕಾರ್ಡಿನಿಂದ ಕೆರೆದು ತೆಗೆಯುತ್ತಿದ್ದಳು. ಸಾಂಟಾ ಕ್ಲಾರಾದಲ್ಲಿ ಇಂಥ ಚಳಿ ವರ್ಷಕ್ಕೆ ಹತ್ತು ಹನ್ನೆರಡು ದಿನ ಅಷ್ಟೆ. ಏಳಕ್ಕೆ ಮೊದಲು ಫ್ರೀವೇ ಹತ್ತದಿದ್ದರೆ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿಗೆ ತಡವಾಗುತ್ತಿತ್ತು. ಕಾರು ತಿರುಗಿಸುವಾಗ ಹನ್ನೆರಡನೇ ನಂಬರಿನ ಮನೆ ಕಣ್ಣಿಗೆ ಬಿತ್ತು. ಬೇಲಿಯ ಗಿಡಗಳ ಸಂದಿನಿಂದ ನೀರು ಹರಿದು, ಕಾಲುದಾರಿ ದಾಟಿ ರಸ್ತೆಗೆ ಇಳಿಯುತ್ತಿತ್ತು. ಅಂಚಿನಲ್ಲಿ ಆಗಲೇ ತೆಳುವಾಗಿ ಹೆಪ್ಪುಗಟ್ಟಿತ್ತು.

ಬರ ಬಂದ ಮೇಲಿನ ಮೂರನೇ ಚಳಿಗಾಲ ಅದು. ಕನೀಜ್ ಮನೆಯಲ್ಲಿ ಸ್ನಾನದ ಬಿಸಿನೀರು ಬರುವವರೆಗಿನ ತಣ್ಣೀರು ಕೂಡ ಬಕೆಟ್ಟಿಗೆ ಹೋಗುತ್ತಿತ್ತು. ಮುಂದಿನ ಹುಲ್ಲನ್ನು ಒಣಗಲು ಬಿಟ್ಟು ಎರಡು ವರ್ಷವಾಗಿತ್ತು. ಅವಳು ಕಾರು ನಿಲ್ಲಿಸಿ, ಗಾಜು ಇಳಿಸಿ ಫೋಟೋ ತೆಗೆದಳು. ನೀರಿನ ಇಲಾಖೆಯ ಆ್ಯಪಿನಲ್ಲಿ ಮನೆ ನಂಬರು ಒತ್ತಿ ಕಳಿಸಿದಳು. ಆ ವರ್ಷದ ಐದನೇ ದೂರು. ಸಿಗ್ನಲ್ಲಿನಲ್ಲಿ ನಿಂತಾಗ ‘ನಿಮ್ಮ ಕಾಳಜಿಗೆ ಧನ್ಯವಾದ’ ಎಂಬ ಉತ್ತರ ಬಂತು. ಆ ಸಾಲು ಓದಿದಾಗಲೆಲ್ಲ ಅವಳಿಗೆ ಒಂದು ಬಗೆಯ ಹಿತವಾಗುತ್ತಿತ್ತು. ದೂರು ಯಾರ ಮೇಲೆ ಎಂದು ಅವಳು ಯೋಚಿಸುತ್ತಿರಲಿಲ್ಲ. ಮನೆ ನಂಬರು ನೋಡುತ್ತಿದ್ದಳು, ಅಷ್ಟೆ.

ಎರಡು ವಾರದ ಮೇಲೆ ಒಂದು ಶನಿವಾರ ಬಾಗಿಲ ಬೆಲ್ಲು ಆಯಿತು. ಹನ್ನೆರಡನೇ ಮನೆಯ ಅಕ್ಷಯಾಳ ತಂದೆ ವೀರಣ್ಣ ನಿಂತಿದ್ದರು. ಗದಗಿನಿಂದ ಮಗಳ ಮನೆಗೆ ಬಂದು ಆರು ತಿಂಗಳಾಗಿತ್ತು. ಹಿಂದೊಮ್ಮೆ ತಾವೇ ಬೆಳೆದ ಮೆಂತ್ಯ ಸೊಪ್ಪನ್ನು ತಂದುಕೊಟ್ಟಿದ್ದರು. ಈಗ ಸ್ವೆಟರಿನ ಒಳಗಿನಿಂದ ಮಡಿಸಿದ ಕಾಗದವೊಂದನ್ನು ತೆಗೆದರು.

“ತಂಗಿ, ಇದನ್ನೊಂದ್ ಓದಿ ಹೇಳ್ತೀಯೇನು? ಟಪಾಲ ಡಬ್ಬಿಯೊಳಗ ಬಂದಿತ್ತು. ಮನ್ಯಾಗ ಇನ್ನೂ ತೋರಿಸಿಲ್ಲ. ನಾಕ ದಿನ ಆತು, ನಿದ್ದಿ ಬರವಲ್ದು.”

“ಒಳಗೆ ಬನ್ನಿ ಅಂಕಲ್.”

ಅವರು ಕೂರಲಿಲ್ಲ. ಕನೀಜ್ ಕಾಗದ ಬಿಡಿಸಿದಳು. ಮೇಲ್ಗಡೆ ಇಲಾಖೆಯ ಮುದ್ರೆ, ಕೆಳಗೆ ಒಂದು ಫೋಟೋ: ಒದ್ದೆಯಾದ ಕಾಲುದಾರಿ, ಅದರ ಒಂದು ಮೂಲೆಯಲ್ಲಿ ಅವಳದೇ ಕಾರಿನ ಕನ್ನಡಿಯ ಅಂಚು.

“ಏನೂ ಇಲ್ಲ ಅಂಕಲ್. ಬರೀ ವಾರ್ನಿಂಗು. ನೀರು ರಸ್ತೆಗೆ ಹರೀತಿದೆ, ಸರಿ ಮಾಡಿಸಿ ಅಂತ ಬರ್ದಿದ್ದಾರೆ. ನಿಮ್ಮ ವೀಸಾಗೂ ಇದಕ್ಕೂ ಸಂಬಂಧ ಇಲ್ಲ.”

“ವೀಸಾದ ಚಿಂತಿ ಅಲ್ಲವ್ವಾ ನಂದು.” ವೀರಣ್ಣ ಫೋಟೋದ ಮೇಲೆ ಬೆರಳಿಟ್ಟರು. “ಮೂವತ್ತೊಂದು ವರ್ಷ ಊರಿಗೆ ನೀರು ಬಿಟ್ಟಾಂವ ನಾನು. ನಗರಸಭೆಯ ವಾಲ್ವಮನ್. ಎಲ್ಲಿ ಪೈಪು ಸೋರಿದ್ರೂ ಜನ ನನ್ನ ಮನೀಗೇ ಬಂದು ಬೈತಿದ್ರು. ನೀರು ಹಾಳ ಮಾಡಿದಿ ಅಂತ ಈ ವಯಸ್ಸಿನ್ಯಾಗ ನನಗs ಕಾಗದ ಬಂದೈತಿ. ಅಳಿಯಗ ಯಾವ ಮುಖದಿಂದ ತೋರಿಸ್ಲಿ? ಈ ಫೋಟೋ ತಗದಾವ್ರು ಯಾರು? ಪೊಲೀಸರೇನು?”

“ಗೊತ್ತಿಲ್ಲ ಅಂಕಲ್,” ಎಂದಳು ಕನೀಜ್. ಕಾಗದ ಮಡಿಸುತ್ತ ತಾನೇ ಕೇಳಿದಳು:

“ಮತ್ತ, ಆ ನಲ್ಲಿ ಯಾಕೆ ಬಿಟ್ಟಿದ್ರಿ?”

ಅವಳಿಗೆ ತನ್ನ ಬಾಯಿಂದ ‘ಮತ್ತ’ ಹೊರಟಿದ್ದು ವಿಚಿತ್ರವೆನಿಸಿತು. ಅವರ ಮಾತಿನ ಧಾಟಿ ನಾಲಿಗೆಗೆ ಹತ್ತಿತ್ತು. ವೀರಣ್ಣ ಅದನ್ನು ಗಮನಿಸಲಿಲ್ಲ.

“ಹಿಂದಿನ ಚಳಿಗಾಲದಾಗ ತೋಟದ ಪೈಪು ಹೆಪ್ಪುಗಟ್ಟಿ ಒಡದು, ಗ್ವಾಡಿ ಎಲ್ಲಾ ಹಸಿ ಆಗಿತ್ತಂತ. ‘ಥಂಡಿ ಬಿದ್ದಾಗ ಸಣ್ಣಗ ನಲ್ಲಿ ಬಿಡ್ರಿ ಮಾವಾ, ಹರಿಯೋ ನೀರು ಹೆಪ್ಪುಗಟ್ಟೂದಿಲ್ಲ’ ಅಂತ ಅಳಿಯಾ ಹೇಳಿದ್ದ. ನಾನು ಬಕೀಟು ಇಟ್ಟಿದ್ದೆ. ನಸುಕಿನ್ಯಾಗ ತುಂಬಿ ಚೆಲ್ಲೇತಿ, ನನಗ ಎಚ್ಚರ ಆಗ್ಲಿಲ್ಲ. ಇವತ್ತೂ ಥಂಡಿ ಐತಂತ. ನಲ್ಲಿ ಬಿಟ್ರ ಕಾಗದ, ಬಿಡದಿದ್ರ ಪೈಪು. ಏನ ಮಾಡ್ಲಿ ಹೇಳು.”

ಕನೀಜ್ ಬೀರುವಿನಿಂದ ಹಳೆಯ ಟವೆಲ್ಲುಗಳನ್ನೂ ಪ್ಲಾಸ್ಟಿಕ್ ಚೀಲಗಳನ್ನೂ ಎಳೆದುಕೊಂಡು ಅವರ ಹಿಂದೆ ನಡೆದಳು. ಬೇಲಿಯ ಆಚೆ ಬಕೆಟ್ ಕಂಡಿತು, ಒಂದಲ್ಲ, ಮೂರು. ಎರಡರಲ್ಲಿ ತುಂಬಿಟ್ಟ ನೀರು, ಪಕ್ಕದಲ್ಲಿ ಮೆಂತ್ಯದ ಮಡಿ. ಕಾರಿನಲ್ಲಿ ಕೂತವಳಿಗೆ ಇದ್ಯಾವುದೂ ಕಂಡಿರಲಿಲ್ಲ.

ಅವಳು ಫೋನಿನಲ್ಲಿ ಹುಡುಕಿ ಓದಿ ಹೇಳಿದಳು, ಕೆಲಸ ವೀರಣ್ಣನವರದು. ತೋಟಕ್ಕೆ ಹೋಗುವ ನೀರನ್ನು ಹಿತ್ತಾಳೆಯ ವಾಲ್ವಿನಲ್ಲಿ ಬಂದ್ ಮಾಡಿದರು. ಪೈಪಿನಲ್ಲಿ ಉಳಿದದ್ದನ್ನು ಬಕೆಟ್ಟಿಗೆ ಇಳಿಸಿದರು. ನಲ್ಲಿಯಿಂದ ಹೋಸು ಬಿಚ್ಚಿ ಸುತ್ತಿಟ್ಟರು. ನೆಲದಿಂದ ಮೇಲೆ ನಿಂತ ಪೈಪಿಗೆ ಟವೆಲ್ಲು ಸುತ್ತಿ, ಅದು ಒದ್ದೆಯಾಗದಂತೆ ಮೇಲೆ ಪ್ಲಾಸ್ಟಿಕ್ ಹೊದಿಸಿ, ದಾರ ಬಿಗಿದರು. ವಾಲ್ವು ಕೈಗೆ ಸಿಕ್ಕಮೇಲೆ ಅವರ ಬೆರಳುಗಳು ಬೇರೆಯದೇ ಮನುಷ್ಯನವು ಎನಿಸುವಷ್ಟು ಚುರುಕಾದವು.

“ಇಷ್ಟs ಸಾಕಾಗಿತ್ತು ನೋಡು. ಹನಿ ನೀರೂ ಹೊರಗ ಹೋಗೂದಿಲ್ಲ. ಮೊದಲs ಯಾರಾದ್ರೂ ಹೇಳಿದ್ರ—”

“ಅಂಕಲ್, ಆ ಫೋಟೋ ತೆಗ್ದಿದ್ದು ನಾನು.”

ವೀರಣ್ಣನವರ ಕೈ ದಾರದ ಮೇಲೆ ನಿಂತಿತು. ಅವರು ಅವಳತ್ತ ನೋಡಲಿಲ್ಲ. ಗಂಟು ಹಾಕಿ ಮುಗಿಸಿದರು, ಇನ್ನೊಂದು ಹಾಕಿದರು, ಮೊಣಕಾಲಿಗೆ ಕೈಯೂರಿ ಎದ್ದರು.

“ನಮ್ಮ ಬಾಗಿಲಿಗೂ ಬೆಲ್ಲು ಐತೆವ್ವಾ,” ಎಂದಷ್ಟೇ ಹೇಳಿ ಒಳಗೆ ಹೋದರು.

ಆ ದಿನವೆಲ್ಲ ಕನೀಜ್‌ಗೆ ಒಂದು ಕಡೆ ಕೂರಲಾಗಲಿಲ್ಲ. ಪಾತ್ರೆ ತೊಳೆಯಲು ನಿಂತವಳು ಬಿಟ್ಟುಬಂದಳು. ಆ್ಯಪ್ ತೆರೆದು ಹಳೆಯ ದೂರುಗಳನ್ನು ನೋಡಿದಳು, ಮುಚ್ಚಿದಳು, ಮತ್ತೆ ತೆರೆದಳು. ಗ್ರೋಸರಿ ಚೀಲ ಇಳಿಸುತ್ತಿದ್ದ ಗಂಡ ತಾಜುದ್ದೀನನ ಮುಂದೆ ನಡೆದದ್ದನ್ನೆಲ್ಲ ಹೇಳಿ ವಾದಕ್ಕೇ ಇಳಿದಳು.

“ನೀರು ಹಾಳಾಗೋದನ್ನ ನೋಡ್ಕೊಂಡು ಸುಮ್ನಿರ್ಬೇಕಿತ್ತಾ ನಾನು?”

“ಸುಮ್ನಿರು ಅಂದೋರು ಯಾರು? ಕಾರು ನಿಲ್ಲಿಸಿದ್ದೆ ತಾನೆ? ಇಳಿದು ನಾಲ್ಕು ಹೆಜ್ಜೆ ಹಾಕೋದಿತ್ತು.”

ಇಳಿಯದಿದ್ದಕ್ಕೆ ತಡವಾಗಿದ್ದು ಕಾರಣವಲ್ಲವೆಂದು ಅವಳಿಗೇ ಗೊತ್ತಿತ್ತು. ಇಳಿದಿದ್ದರೆ ಒಂದು ಮುಖ ನೋಡಬೇಕಾಗುತ್ತಿತ್ತು.

ಭಾನುವಾರ ಹತ್ತು ಗಂಟೆಗೆ ಅವಳು ಹೊರಡಬೇಕೆಂದು ಚಪ್ಪಲಿ ಮೆಟ್ಟುವಷ್ಟರಲ್ಲಿ ವೀರಣ್ಣನವರೇ ಬಂದರು. ಹೆಗಲಿಗೆ ಒಂದು ಚೀಲ; ಅದರ ತುಂಬ ಹಳೆಯ ಬಟ್ಟೆ, ದಾರದ ಉಂಡೆ. ಮುಖದಲ್ಲಿ ನಗುವಿರಲಿಲ್ಲ.

“ಪೈಪಿಗೆ ಏನೂ ಆಗಿಲ್ಲ. ಕಾಗದ ಮನ್ಯಾಗ ತೋರಿಸಿದೆ. ‘ನಾನs ನಿಮಗ ನಲ್ಲಿ ಬಿಡಾಕ ಹೇಳಿದ್ದು ಮಾವಾ, ತಪ್ಪು ನಂದು’ ಅಂದ ಅಳಿಯ.”

“ನನ್ನ ವಿಷಯ?”

“ಅದನ್ನ ನೀನs ಹೇಳಬೇಕು. ನಾ ಹೇಳಿಲ್ಲ.”

“ಈಗ್ಲೇ ಬರ್ತೀನಿ ಅಂಕಲ್. ಅದಕ್ಕೇ ಹೊರಟಿದ್ದೆ.”

“ಅವ್ರು ಎಲ್ಲೂ ಹೋಗೂದಿಲ್ಲ, ಸಂಜೀಕ ಬಾ.” ವೀರಣ್ಣ ರಸ್ತೆಯ ಕಡೆ ಗದ್ದ ಎತ್ತಿದರು. “ಬೆಳಿಗ್ಗೆ ನಡಕೊಂಡು ನೋಡಿ ಬಂದೆ. ಈ ಸಾಲಿನಾಗ ಒಂಬತ್ತು ಮನಿ ಪೈಪಿಗೆ ಹೊದಿಕಿ ಇಲ್ಲ. ಎರಡು ಮನ್ಯಾಗ ನಲ್ಲಿ ಬಿಟ್ಟಾರ. ಬುಧವಾರತನಕ ಥಂಡಿ ಐತಂತ. ನನಗ ಇಂಗ್ಲಿಷ್ ಬರಂಗಿಲ್ಲ. ಮಾತಾಡೂದು ನಿಂದು, ಕಟ್ಟೂದು ನಂದು.”

ಮೊದಲನೆಯದು ಆರನೇ ನಂಬರಿನ ಮನೆ. ಬೇಸಿಗೆಯಲ್ಲಿ ಅದರ ಮೇಲೂ ಕನೀಜ್ ದೂರು ಕೊಟ್ಟಿದ್ದಳು. ಅಲ್ಲಿ ಯಾರಿದ್ದಾರೆಂದು ಇವತ್ತಿಗೂ ಗೊತ್ತಿರಲಿಲ್ಲ. ಬಾಗಿಲ ಮುಂದೆ ಮಕ್ಕಳ ಎರಡು ಜೊತೆ ಬೂಟುಗಳಿದ್ದವು. ಒಳಗೆ ಯಾರೋ ಜೋರಾಗಿ ಕೆಮ್ಮಿದರು. ಅವಳು ಒಮ್ಮೆ ಹಿಂದೆ ತಿರುಗಿದಳು. ವೀರಣ್ಣ ಆಗಲೇ ಪೈಪಿನ ಬಳಿ ಕುಕ್ಕರಗಾಲಲ್ಲಿ ಕೂತು, ದಾರದ ತುದಿ ಹುಡುಕುತ್ತಿದ್ದರು.

ಕನೀಜ್ ಬೆಲ್ಲು ಒತ್ತಿದಳು.