ಬಾರದವರ ಖೋಲಿ

ತಾರನ್ನು ಎರಡನೆಯ ಸಲ ಓದಿದಾಗಲೂ ಅದರಲ್ಲಿ ಬೇರೇನೂ ಇರಲಿಲ್ಲ. ಕಾಗಿಣಾ ಹೊಳೆ ತುಂಬಿದೆ, ಶಹಾಬಾದದ ಹತ್ತಿರ ಹಳಿ ಕೊಚ್ಚಿಹೋಗಿದೆ, ಬರುವುದಿಲ್ಲ, ಖೋಲಿ ಬೇಡ. ಮುಂಬಯಿಯ ಕಲ್ಲಿನ ವ್ಯಾಪಾರಿ ಕ್ಷಮೆ ಕೇಳಿರಲಿಲ್ಲ. ಮಳೆಯ ಪರವಾಗಿ ಯಾರು ಯಾಕೆ ಕ್ಷಮೆ ಕೇಳಬೇಕು? ಗುರುಲಿಂಗಯ್ಯ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕೋಟಿನ ಒಳಜೇಬಿಗೆ ತುರುಕಿದ.

ಅಂಗಳದಾಚೆಯ ದನದ ಕೊಟ್ಟಿಗೆಯಲ್ಲಿ ಶೌಕತ ಅಲಿ ಕೆಮ್ಮಿದರು. ಕೆಮ್ಮು ಮುಗಿಯುವವರೆಗೆ ಕಾಯಬೇಕು, ಮಾತು ಆಮೇಲೆ.

“ತಾರ ಏನಂತದ್ರಿ, ಅಯ್ಯನೋರ?”

“ಗಾಡಿ ತಡಾ ಅದಂತ. ಸಂಜಿಮುಂದ ಬರ್ತಾರ.”

ಸುಳ್ಳು ಸಲೀಸಾಗಿ ಬಾಯಿಂದ ಬಿತ್ತು. ಹೇಳಬೇಕೆಂದು ಅವನು ಯೋಚಿಸಿರಲಿಲ್ಲ. ಹೇಳಿದ ಮೇಲೂ ಯೋಚಿಸಲಿಲ್ಲ.

ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸುವವರಿಗೆ, ನೆಲಕ್ಕೂ ಮಾಡಿಗೂ ಹಾಸುವ ಪರಸಿಕಲ್ಲಿನ ಖಣಿ ನೋಡಲು ಬಂದವರಿಗೆ, ಎರಡು ದಿನ ನಾಲ್ಕು ದಿನದ ಮಟ್ಟಿಗೆ ಅವನು ಮನೆಯ ಮುಂದಿನ ಖೋಲಿಯನ್ನು ಬಾಡಿಗೆಗೆ ಕೊಡುತ್ತಿದ್ದ. ಹೈದರಾಬಾದಿನಲ್ಲಿ ಎರಡು ವರ್ಷ ಕಾಲೇಜು ಓದಿ, ಪದವಿಯಿಲ್ಲದೆ ವಾಪಸಾದವನಿಗೆ ಉಳಿದ ಹುದ್ದೆ ಇದೊಂದೇ. ಶೌಕತ ಅಲಿ ಆ ಖೋಲಿಗೆ ಎಂಟು ದಿನಕ್ಕೆಂದು ಬಂದು ಎರಡು ವರ್ಷ ಉಳಿದಿದ್ದರು. ರೈಲಿನ ತಾರ್ ಆಫೀಸಿನಲ್ಲಿ ಮೂವತ್ತು ವರ್ಷ ಸವೆಸಿದ ಮುದುಕರು. ಗಾಡಿಗಳ ಸದ್ದು ಕೇಳದಿದ್ದರೆ ತಮಗೆ ನಿದ್ದೆ ಬರುವುದಿಲ್ಲ ಎನ್ನುತ್ತಿದ್ದರು.

ಮೊನ್ನೆ ಮುಂಬಯಿಯವರ ಕಾಗದ ಬಂದಾಗ ಗುರುಲಿಂಗಯ್ಯ ಅದನ್ನು ಅವರೆದುರೇ ಗಟ್ಟಿಯಾಗಿ ಓದಿದ್ದ. ಅಂಥ ದೊಡ್ಡ ಮನುಷ್ಯರು ಡಾಕ್ ಬಂಗಲೆ ಬಿಟ್ಟು ತನ್ನ ಮನೆಯಲ್ಲಿ ಇಳಿಯುತ್ತಾರೆಂಬ ಸುದ್ದಿಯನ್ನು ಅಷ್ಟರಲ್ಲೇ ಸ್ಟೇಷನ್ನಿನ ಚಹಾದಂಗಡಿಯವರೆಗೂ ಸಾರಿ ಬಂದಿದ್ದ. ಮುದುಕರು ಎದ್ದು ನಿಂತರು. ಕೈಯನ್ನು ಎದೆಗಿಟ್ಟುಕೊಂಡು, ಮೆಹಮಾನರು ಬರುವುದಾದರೆ ಖೋಲಿ ಅವರದೇ, ತಾನು ಕೊಟ್ಟಿಗೆಯಲ್ಲೂ ಇರಬಲ್ಲೆ ಎಂದರು.

ಅದು ತಕಲ್ಲುಫಿನ ಮಾತು. ಆ ಸೀಮೆಯ ಮರ್ಯಾದೆಯಲ್ಲಿ ಒಬ್ಬ ತನ್ನದನ್ನು ಕೊಡುತ್ತೇನೆ ಎನ್ನಬೇಕು, ಇನ್ನೊಬ್ಬ ಛೇ ಛೇ ಎನ್ನಬೇಕು. ಮೂರು ಸಲ ಹೀಗಾದ ಮೇಲೆ ಯಾರೂ ಯಾರಿಗೂ ಏನೂ ಕೊಡದೆ, ಇಬ್ಬರೂ ದೊಡ್ಡವರಾಗಿ ಚಹಾ ಕುಡಿಯಬೇಕು. ಹೈದರಾಬಾದಿನ ನೀರು ಕುಡಿದ ಗುರುಲಿಂಗಯ್ಯನಿಗೆ ಇದು ಚೆನ್ನಾಗಿ ಗೊತ್ತಿತ್ತು. ಆದರೂ ಮೊದಲನೆಯ ಸಲಕ್ಕೇ ಭಾಳ ಉಪಕಾರವಾಯಿತು ಎಂದುಬಿಟ್ಟ. ಮುದುಕರ ಕೈ ಇನ್ನೂ ಸ್ವಲ್ಪ ಹೊತ್ತು ಎದೆಯ ಮೇಲೆ ಹಾಗೇ ಇತ್ತು. ಬಳಿಕ ತಮ್ಮ ಹಾಸಿಗೆಯನ್ನು ತಾವೇ ಸುತ್ತಿದರು.

ಮಧ್ಯಾಹ್ನ ಹೆಂಡತಿ ಗುರುದೇವಿ ಹೂರಣದ ಕೈಯಲ್ಲೇ ಪಡಸಾಲೆಗೆ ಬಂದಳು.

“ಹಕೀಮರು ಹೇಳಿದ್ದು ಮರ್ತೀರೇನು? ಇನ್ನೊಮ್ಮಿ ತಂಪು ಹತ್ತಿದ್ರ ಅವರ ಎದಿ ತಡಿಯಂಗಿಲ್ಲಂತ. ಕೊಟ್ಟಿಗಿ ಸೋರಾಕತ್ತದ.”

“ಸಂಜಿತನಕ ಅಷ್ಟ.”

“ಅವರು ಖರೇನ ಬರ್ತಾರೇನು?”

ಬಂದೇ ಬರುತ್ತಾರೆ ಎಂದ. ಅವಳು ಅವನ ಕೋಟನ್ನೊಮ್ಮೆ ನೋಡಿ ಒಳಗೆ ಹೋದಳು.

ಹೇಳಿಬಿಟ್ಟರೆ ಏನಾಗುತ್ತದೆ? ಮುದುಕರು ಹಾಸಿಗೆ ಹೊತ್ತು ಅಂಗಳ ದಾಟಿ ಬರುತ್ತಾರೆ, ಅಷ್ಟೇ. ಪರವಾ ಇಲ್ಲ ಎಂದು ನಗುತ್ತಾರೆ. ಆ ನಗು ಅವನಿಗೆ ಬೇಡವಾಗಿತ್ತು. ಮೆಹಮಾನರು ಬಂದರೆ ನಡೆದದ್ದು ಆತಿಥ್ಯ. ಬಾರದಿದ್ದರೆ ರೋಗಿಯೊಬ್ಬನನ್ನು ಮಳೆಗೆ ಹಾಕಿದ್ದು. ಆದ್ದರಿಂದ ಅವರು ಬರುತ್ತಲೇ ಇರಬೇಕಿತ್ತು. ಅವನಿಗೆ ತನ್ನ ಬಗ್ಗೆ ಅಸಹ್ಯವಾಯಿತು. ಆ ಅಸಹ್ಯ ಹೇಗೋ ಹೊರಳಿ ಮುದುಕರ ಮೇಲಿನ ಸಿಟ್ಟಾಯಿತು. ಇಷ್ಟೊಂದು ಸಭ್ಯನಾಗಿರು ಎಂದು ಈ ಮನುಷ್ಯನಿಗೆ ಯಾರು ಹೇಳಿದ್ದರು?

ಮೂರು ಗಂಟೆಗೆ ಕೊಡೆ ಹಿಡಿದು ಕೊಟ್ಟಿಗೆಗೆ ಹೋದ. ಮೇಲೆ ಹೊದಿಸಿದ ಪರಸಿಗಳ ಸಂದಿಯಿಂದ ನೀರು ಇಳಿದು ಹಾಸಿಗೆಯ ಅರ್ಧ ತೊಯ್ದಿತ್ತು. ಮುದುಕರು ಕಂಬಳಿ ಹೊದ್ದು ದನದ ಗೋದಲಿಯ ಮೇಲೆ ಕುಳಿತಿದ್ದರು. ಕಂಬಳಿಯೊಳಗೆ ಶೇರವಾನಿ ಇತ್ತು, ತಲೆಯ ಮೇಲೆ ಟೋಪಿ ಇತ್ತು. ಬಂದವರೆದುರು ಹೇಗೆಂದರೆ ಹಾಗೆ ಕಾಣಿಸಿಕೊಳ್ಳಬಾರದಲ್ಲ. ತುಟಿ ಮಾತ್ರ ನೀಲಿಗಟ್ಟಿತ್ತು.

“ಮುಂಜಾನಿಂದ ಒಂದು ಗಾಡಿ ಸದ್ದಿಲ್ರಿ,” ಎಂದರು. “ಲೈನ್ ಬಂದ್ ಅದ. ಮೂವತ್ತು ವರ್ಷ ಇದೇ ಕೇಳೀನಿ. ನನ್ನ ಕಿವಿ ತಪ್ಪಂಗಿಲ್ಲ.”

ಗುರುಲಿಂಗಯ್ಯ ಕೊಡೆ ಮಡಿಸಿದ. ಮುದುಕರು ಅವನ ಮುಖ ನೋಡಲಿಲ್ಲ. ನೋಡದಿರುವುದೂ ಅವರ ಮರ್ಯಾದೆಯೇ. ದಾರಿ ಬಿಟ್ಟುಕೊಟ್ಟಿದ್ದರು. ಹೂಂ ಎಂದಿದ್ದರೆ ಸಾಕಿತ್ತು.

“ಎತ್ತಿನ ಬಂಡ್ಯಾಗ ಬರಬಹುದು,” ಎಂದ.

“ಹೌದ್ರಿ. ಬರಬಹುದು.”

“ಅವರು ಬರೂತನಕ ನೀವು ಖೋಲ್ಯಾಗ ಕುಂದ್ರಿ.”

“ಇರ್ಲಿರಿ. ಮೆಹಮಾನರ ಸಲುವಾಗಿ ಹಾಸಿದ್ದು. ನಾ ಇಲ್ಲೇ ಆರಾಮ ಅದೀನಿ.”

ಒಂದು ಸಲ ಆಯಿತು. ಇನ್ನೆರಡು ಬಾಕಿ ಇದ್ದವು. ಮುದುಕರು ತಲೆಯನ್ನು ಸ್ವಲ್ಪ ಎತ್ತಿ ಕಾದರು. ಕಾಯುತ್ತಿದ್ದಾರೆಂದು ಕುರುಡನಿಗೂ ತಿಳಿಯುತ್ತಿತ್ತು. ಗುರುಲಿಂಗಯ್ಯ ಕೊಡೆ ಬಿಚ್ಚಿದ.

“ನಿಮ್ಮ ಮರ್ಜಿ,” ಎಂದು ಅಂಗಳಕ್ಕೆ ಇಳಿದ.

ದೀಪ ಹಚ್ಚುವ ಹೊತ್ತಿಗೆ ಕೆಮ್ಮಿನ ದನಿ ಬದಲಾಗಿತ್ತು. ನಡುನಡುವೆ ಉಸಿರು ಎಳೆಯುವ ಸದ್ದು ಮನೆಯೊಳಗೂ ಕೇಳುತ್ತಿತ್ತು. ಗುರುದೇವಿ ಸೆರಗು ಬಿಗಿದುಕೊಂಡು, ಮುದುಕರನ್ನು ತಾನೇ ಒಳಗೆ ಕರೆತರುತ್ತೇನೆಂದು ಹೊರಟಳು.

“ಮೆಹಮಾನರು ಬಂದಾರ,” ಎಂದ ಗುರುಲಿಂಗಯ್ಯ.

“ಯಾವಾಗ?”

“ಈಗ. ಮುಂದಿನ ಬಾಗಿಲದಿಂದ. ದಣಿದಾರ. ಯಾರೂ ಆ ಕಡೆ ಹೋಗಬ್ಯಾಡ್ರಿ.”

ಅವಳು ಬಾಗಿಲಲ್ಲೇ ನಿಂತಳು. ಅವನು ಖೋಲಿಯೊಳಗೆ ಹೋಗಿ ಅಗುಳಿ ಹಾಕಿಕೊಂಡ. ದೊಡ್ಡ ಕಂದೀಲು ಹಚ್ಚಿ ಮೇಜಿನ ಮೇಲಿಟ್ಟ. ಕುರ್ಚಿಯನ್ನು ಬೇಕೆಂದೇ ದರದರ ಎಳೆದ. ಬೂಟುಗಾಲಿನಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆದ. ಮುಂಬಯಿಯ ಹಿಂದೂಸ್ತಾನಿಯಲ್ಲಿ ಮಳೆಯನ್ನು ಬೈದ. ಬೈದವನ ದನಿ ದಪ್ಪಗಿತ್ತು, ಉಂಡು ಬೆಳೆದವನ ದನಿ. ಅದಕ್ಕೆ ತನ್ನದೇ ದನಿಯಲ್ಲಿ ವಿನಯದಿಂದ ಹೌದ್ರಿ ಹೌದ್ರಿ ಎಂದ. ಹಾಗೆ ಎನ್ನುವಾಗ ಅವನಿಗೆ ನಿಜಕ್ಕೂ ಸಮಾಧಾನವಾಯಿತು. ಕೊನೆಗೂ ಯಾರೋ ಬಂದಿದ್ದರು.

ಅಂಗಳದ ಕಡೆಯ ಕಿಟಕಿಯ ಪರದೆ ಸರಿಸಿ ಸಂದಿಯಿಂದ ನೋಡಿದ. ಮಬ್ಬು ಬೆಳಕಿನಲ್ಲಿ ಶೌಕತ ಅಲಿ ಕೊಟ್ಟಿಗೆಯ ಹೊಸ್ತಿಲಿಗೆ ಬಂದು ನಿಂತಿದ್ದರು. ಕಂಬಳಿಯನ್ನು ಹಿಂದೆಯೇ ಬಿಟ್ಟು ಬಂದಿದ್ದರು. ಒಂದು ಕೈಯಲ್ಲಿ ಕಂಬ ಹಿಡಿದು, ಇನ್ನೊಂದರಿಂದ ಟೋಪಿ ಸರಿಮಾಡಿಕೊಂಡು, ಬೆಳಕಿದ್ದ ಕಿಟಕಿಯತ್ತ ಸೊಂಟ ಬಾಗಿಸಿ ಸಲಾಮು ಮಾಡಿದರು. ಅಣಕವೋ, ಮರ್ಯಾದೆಯೋ, ಜ್ವರವೋ, ಅಷ್ಟು ದೂರದಿಂದ ತಿಳಿಯುವಂತಿರಲಿಲ್ಲ.

ಗುರುಲಿಂಗಯ್ಯ ಪರದೆ ಎಳೆದ. ಅವನ ಕೈ ತಾನಾಗಿ ಹಣೆಗೆ ಏರಿತು. ಬೆನ್ನ ಹಿಂದಿನ ಕಂದೀಲು ಆ ಕೈಯ ನೆರಳನ್ನು ಅಂಗಳಕ್ಕೆ ಕಾಣುವಂತೆ ಪರದೆಯ ತುಂಬ ಹರಡಿತು. ಸಲಾಮು ತೆಗೆದುಕೊಂಡವರು ಕೈ ಇಳಿಸುವವರೆಗೆ ಬಾಗಿದವರು ಏಳಬಾರದು. ಹೊರಗೆ ಮಳೆ ಬಾಗಿದ ಬೆನ್ನಿನ ಮೇಲೆ ಸುರಿಯುತ್ತಿತ್ತು. ಕೈ ಇಳಿಸುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.