ಪುಷ್ಪಲತಾ ಮಿಸ್ ಕುಣಿಯಲು ಹೋದದ್ದು

ಹೂವಿನಹಡಗಲಿಯ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುವ ಪುಷ್ಪಲತಾಗೆ ನಲವತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ತಾಯಿ ಪಕ್ಕೀರಮ್ಮನ ಜೊತೆ ಇದ್ದಳು. ಚಿಕ್ಕಂದಿನಿಂದಲೂ ದಪ್ಪ ಮೈ. ಓದುವ ಕಾಲದಲ್ಲಿ ಶಾಲೆಯ ಒಂದು ಡ್ಯಾನ್ಸಿಗೂ ಅವಳನ್ನು ಯಾರೂ ಕರೆದಿರಲಿಲ್ಲ. ಸೇರಿಸಿಕೊಳ್ಳಿ ಎಂದು ಅವಳೂ ಕೇಳಿರಲಿಲ್ಲ. ಕೇಳದೆ ಉಳಿದ ಆ ಮಾತು ಆಸೆಯಾಗಿ ಒಳಗೇ ಬೆಳೆಯುತ್ತ ಬಂದಿತ್ತು.

ಈಗ ಅವಳ ಶಾಲೆಯಲ್ಲಿ ವಾರ್ಷಿಕೋತ್ಸವದ ಗ್ಯಾದರಿಂಗ್ ಬಂತೆಂದರೆ ಹುಡುಗಿಯರ ಡ್ಯಾನ್ಸಿನ ಉಸ್ತುವಾರಿಯನ್ನು ಅವಳೇ ಕೇಳಿ ತೆಗೆದುಕೊಳ್ಳುತ್ತಿದ್ದಳು. ಜಡೆಗೆ ಮಲ್ಲಿಗೆ ಮುಡಿಸುವುದು, ಸೆರಗಿಗೆ ಪಿನ್ನು ಹಾಕುವುದು, ಪರದೆಯ ಪಕ್ಕದಲ್ಲಿ ನಿಂತು ಹೆಜ್ಜೆ ಮರೆತವರಿಗೆ ಕೈಸನ್ನೆ ಮಾಡುವುದು. ಹಾಡು ಶುರುವಾದರೆ ಸೀರೆಯ ನೆರಿಗೆಯೊಳಗೆ ಅವಳ ಪಾದಗಳು ತಾವಾಗಿಯೇ ಆಡುತ್ತಿದ್ದವು. ಅದು ಯಾರಿಗೂ ಕಾಣುವುದಿಲ್ಲ ಎಂದುಕೊಂಡಿದ್ದಳು.

ಹಾಗೆ ಅವಳಿಂದ ಹೂ ಮುಡಿಸಿಕೊಂಡು ಕುಣಿದಿದ್ದ ಹುಡುಗಿಯರಲ್ಲಿ ಚಂದನಾ ಒಬ್ಬಳು. ದಾವಣಗೆರೆಯಲ್ಲಿ ಓದು ಮುಗಿಸಿ, ಅಲ್ಲೇ ತರಬೇತಿ ಪಡೆದು ಊರಿಗೆ ಬಂದವಳು, ಗೊಬ್ಬರದಂಗಡಿಯ ಮೇಲಿನ ಹಾಲ್ ಹಿಡಿದು ಹೆಂಗಸರಿಗೆ ಡ್ಯಾನ್ಸ್ ಫಿಟ್ನೆಸ್ ಕ್ಲಾಸ್ ತೆಗೆದಿದ್ದಳು. ಒಂದು ಸಂಜೆ ಕಾಯಿಪಲ್ಲೆ ಮಾರ್ಕೆಟ್ಟಿನಲ್ಲಿ ಗುರುವೂ ಶಿಷ್ಯೆಯೂ ಎದುರಾದರು.

"ಮಿಸ್, ನೀವೂ ಬರ್ರಿ ನನ್ ಕ್ಲಾಸಿಗೆ."

"ನನ್ನ ನೋಡಿ ಮಾತಾಡವಾ, ಚಂದನಾ."

"ನೋಡೇ ಹೇಳಾಕತ್ತೀನ್ರಿ. ಪರದಿ ಪಕ್ಕ ನಿಂತು ನಮಗ ಸನ್ನಿ ಮಾಡ್ತಿದ್ರಲ್ಲ, ಆವಾಗ ನಾ ನಿಮ್ಮ ಕೈ ನೋಡ್ತಿದ್ದಿಲ್ರಿ, ಕಾಲು ನೋಡ್ತಿದ್ದೆ."

ಪುಷ್ಪಲತಾ ಆರಿಸಿದ್ದ ಬದನೆಕಾಯಿಯನ್ನು ಮತ್ತೆ ರಾಶಿಗೇ ಹಾಕಿದಳು. ಇಷ್ಟು ವರ್ಷ ಮುಚ್ಚಿಟ್ಟುಕೊಂಡದ್ದನ್ನು ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ನೋಡಿದ್ದಳು. ನಾಚಿಕೆಯೂ ಆಯಿತು, ಯಾಕೋ ಕಣ್ಣೂ ತುಂಬಿ ಬಂತು.

ಮನೆಯಲ್ಲಿ ಪಕ್ಕೀರಮ್ಮ ಒಪ್ಪಲಿಲ್ಲ.

"ಮೇಡಮ್ಮ ಆದಾಕಿ ಹೋಗಿ ಕುಣಿತಾಳಂತ. ಮಂದಿ ಏನಂತಾರ?"

"ಸಕ್ಕರಿ ಐತಿ, ಮೈ ಕರಗಸು ಅಂತ ಡಾಕ್ಟರು ಹೇಳ್ಯಾರಲ್ಲಬೇ."

"ನಡಿ ಅಂದಾರ. ಕುಣಿ ಅಂದಿಲ್ಲ."

ಆದರೂ ಪುಷ್ಪಲತಾ ಬಟ್ಟೆ ಅಂಗಡಿಗೆ ಹೋದಳು. ಹೆಂಗಸರ ಅಳತೆಯ ಟೀ ಶರ್ಟ್ ಯಾವುದೂ ಅವಳಿಗೆ ಆಗುವಂತಿರಲಿಲ್ಲ. ಗಂಡಸರದರಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಕೇಳಿದಾಗ ಅಂಗಡಿಯವನು, "ಅಣ್ಣಾರಿಗೇನ್ರಿ ಮೇಡಂ?" ಎಂದ. ಅವಳು ಹೌದು ಎಂದಳು. ಅವಳಿಗೆ ಅಣ್ಣನೇ ಇರಲಿಲ್ಲ.

ಮೊದಲ ದಿನ ಬೆಳಿಗ್ಗೆ ಟೀ ಶರ್ಟಿನ ಮೇಲೆ ದುಪಟ್ಟಾ ಹೊದ್ದು ಹೋದಳು. ಹಾಲಿನ ಒಂದು ಗೋಡೆಯುದ್ದಕ್ಕೂ ಕನ್ನಡಿ ಇತ್ತು. ಮನೆಯಲ್ಲಿದ್ದದ್ದು ಮುಖ ಕಾಣುವಷ್ಟು ಕನ್ನಡಿ. ತನ್ನನ್ನು ತಾನು ಅಡಿಯಿಂದ ಮುಡಿಯವರೆಗೆ ಒಂದೇ ಸಲಕ್ಕೆ ನೋಡಿ ಎಷ್ಟು ಕಾಲವಾಗಿತ್ತೋ. ಇದೇನು ಇಷ್ಟು ದೊಡ್ಡವಳೇ ನಾನು ಎಂದುಕೊಂಡು, ಕನ್ನಡಿ ಮುಟ್ಟದ ಮೂಲೆ ಹುಡುಕಿ ಹಿಂದೆ ನಿಂತಳು.

ಹಾಡು ಶುರುವಾಯಿತು. ಚಂದನಾ ತೋರಿಸುವ ಹೆಜ್ಜೆ ಕಣ್ಣಿಗೆ ಕೂಡಲೇ ತಿಳಿಯುತ್ತಿತ್ತು, ಮೈಗೆ ತಿಳಿಯುತ್ತಿರಲಿಲ್ಲ. ಎಲ್ಲರೂ ಎಡಕ್ಕೆ ಹೋಗಿ ಬಲಕ್ಕೆ ಬರುವಷ್ಟರಲ್ಲಿ ಅವಳು ಇನ್ನೂ ಎಡದಲ್ಲೇ ಇರುತ್ತಿದ್ದಳು. ಎಲ್ಲರ ಜೊತೆ ಒಂದು ಸಲ ಹಾರಿದಾಗ ನೆಲ ಧಡ್ ಎಂದಿತು. ಕೆಳಗಿನ ಅಂಗಡಿಯವರೆಗೂ ಕೇಳಿಸಿತೇನೋ ಎಂದುಕೊಂಡಳು. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ತನ್ನನ್ನೇ ನೋಡಿ ನಕ್ಕರೋ ಬೇರೆ ಯಾವುದಕ್ಕೋ, ತಿಳಿಯಲಿಲ್ಲ. ಎರಡನೇ ಹಾಡಿಗೆ ಏದುಸಿರು ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತುಬಿಟ್ಟಳು.

ಚಂದನಾ ಹಾಡು ನಿಲ್ಲಿಸದೆಯೇ ಹತ್ತಿರ ಬಂದಳು. "ಮಿಸ್, ಹಾರೋದು ಬ್ಯಾಡ್ರಿ. ಕಾಲು ನೆಲ ಬಿಡಬಾರ್ದು. ಜಾರಸ್ಕೋತ ಬರ್ರಿ. ಎಷ್ಟ್ ಆಗ್ತೈತಿ ಅಷ್ಟು."

"ಎಲ್ಲಾರೂ ನೋಡಾಕತ್ತಾರವಾ."

"ಅವ್ರಿಗೆ ಅವ್ರ ಹೆಜ್ಜಿ ನೋಡ್ಕೊಳ್ಳಾಕ ಪುರಸೊತ್ತಿಲ್ಲ. ಏಳ್ರಿ."

ಎದ್ದಳು. ಕಾಲು ಜಾರಿಸಿದಳು. ಎಲ್ಲೋ ಹಾಡಿನ ನಡುವೆ, ಒಂದೇ ಒಂದು ಸುತ್ತು, ತಾಳವೂ ಅವಳ ಮೈಯೂ ಸರಿಯಾಗಿ ಕೂಡಿಕೊಂಡವು. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ತಪ್ಪಿಹೋಯಿತು. ಆದರೆ ಮನೆಗೆ ಬಂದು ತೊಡೆ ಉಜ್ಜಿ ಕೆಂಪಾದ ಕಡೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುವಾಗ, ಶಾಲೆಯಲ್ಲಿ ಹಾಜರಿ ಕೂಗುವಾಗ, ರಾತ್ರಿ ರೊಟ್ಟಿ ಮುರಿಯುವಾಗ ಆ ಒಂದು ಸುತ್ತೇ ನೆನಪಾಗುತ್ತಿತ್ತು. ಅದು ಮತ್ತೆ ಸಿಗಬೇಕೆಂದು ಮರುದಿನ ಹೋದಳು. ಅದರ ಮರುದಿನವೂ ಹೋದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಕ್ಲಾಸಿಗೆ ಕ್ರಾಂತಿ ಎಂಬ ಹೊಸಬಳು ಬಂದಳು. ತೆಳ್ಳಗೆ, ಬೆಳ್ಳಗೆ, ಮೂವತ್ತೈದರ ಆಸುಪಾಸಿನವಳು. ಗಂಡನಿಗೆ ಇಲ್ಲಿನ ಆಫೀಸೊಂದಕ್ಕೆ ವರ್ಗವಾಗಿ ಊರಿಗೆ ಹೊಸದಾಗಿ ಬಂದಿದ್ದಳು. ನೋಡಲು ಬಳ್ಳಿಯಂತಿದ್ದರೂ ತಾಳವೆಂಬುದು ಅವಳ ಹತ್ತಿರವೂ ಸುಳಿಯುತ್ತಿರಲಿಲ್ಲ. ಒಂದು ದಿನ ಚಂದನಾ, "ಜೋಡಿ ಮಾಡ್ಕೊಳ್ರಿ, ಕೈ ಹಿಡ್ಕೊಂಡು ಮಾಡೋದೈತಿ" ಎಂದಾಗ ಎಲ್ಲರೂ ತಮ್ಮ ತಮ್ಮ ಗೆಳತಿಯರ ಕಡೆ ಸರಿದರು. ಉಳಿದವರು ಇವರಿಬ್ಬರೇ. ಕ್ರಾಂತಿ ತಾನೇ ಬಂದು ಪುಷ್ಪಲತಾಳ ಎರಡೂ ಕೈ ಹಿಡಿದಳು.

ಪುಷ್ಪಲತಾ ತನ್ನ ಕೈಗಳನ್ನೇ ನೋಡಿದಳು. ಬಳೆ ತೊಡಿಸುವವಳು ಕೈ ಹಿಡಿದಿದ್ದಳು, ರಕ್ತ ತೆಗೆಯುವ ನರ್ಸ್ ಹಿಡಿದಿದ್ದಳು. ಇವಳು ಬೇಕು ಎಂದು ಯಾರಾದರೂ ಹಿಡಿದು ಎಷ್ಟು ವರ್ಷವಾಗಿತ್ತು?

"ಬಿಡಬ್ಯಾಡ್ರಿ ಮೇಡಂ," ಎಂದಳು ಕ್ರಾಂತಿ. "ನಿಮ್ಮ ಕೈ ಹಿಡ್ಕೊಂಡ್ರ ನನಗ ತಾಳ ಸಿಗ್ತೈತಿ."

ಅಲ್ಲಿಂದ ಇಬ್ಬರದೂ ಒಂದೇ ಜೋಡಿಯಾಯಿತು. ಕ್ಲಾಸ್ ಬಿಟ್ಟ ಮೇಲೆ ಬೆವರು ಒರೆಸಿಕೊಳ್ಳುತ್ತ ಮೆಟ್ಟಿಲ ಮೇಲೆ ಕೂತು ಮಾತಾಡುತ್ತಿದ್ದರು. ಕ್ರಾಂತಿ ಎಲ್ಲವನ್ನೂ ಹೇಳುತ್ತಿದ್ದಳು: ಮಗನ ಹಟ, ಅತ್ತೆಯ ಊರು ಚಿಗಟೇರಿ, ಬಾಡಿಗೆ ಮನೆಯ ಉಪ್ಪು ನೀರು. ಪುಷ್ಪಲತಾ ಕೇಳುತ್ತಿದ್ದಳು. ಭಾನುವಾರ ಕ್ಲಾಸ್ ಇರುತ್ತಿರಲಿಲ್ಲ. ಮೊದಲೆಲ್ಲ ಭಾನುವಾರ ಬರಲಿ ಎಂದು ಕಾಯುತ್ತಿದ್ದವಳಿಗೆ ಈಗ ಭಾನುವಾರ ಸಾಗುತ್ತಲೇ ಇರಲಿಲ್ಲ.

ಒಂದು ಬೆಳಿಗ್ಗೆ ಕ್ರಾಂತಿಯನ್ನು ಕರೆದೊಯ್ಯಲು ಗಂಡ ಬೈಕಿನಲ್ಲಿ ಬಂದಿದ್ದ. "ಇವ್ರ ನೋಡ್ರಿ ನಮ್ಮ ಮನಿಯವ್ರು, ಮಾರೇಶ್" ಎಂದು ಕ್ರಾಂತಿ ಪರಿಚಯ ಮಾಡಿಸಿದಳು. ಅವನು ಹೆಲ್ಮೆಟ್ ತೆಗೆದ. ಪುಷ್ಪಲತಾಗೆ ಆ ಮುಖ ಗೊತ್ತಿತ್ತು.

ಹದಿನೈದು ಹದಿನಾರು ವರ್ಷಗಳ ಹಿಂದೆ ಅವನು ಅವಳನ್ನು ನೋಡಲು ಬಂದಿದ್ದ. ಆ ಕಾಲದಲ್ಲಿ ಬಂದವರು ಹಲವರು. ಅವಲಕ್ಕಿ ತಿಂದು, ಅವಳ ಮೈಯನ್ನೊಮ್ಮೆ ನೋಡಿ, ತಿಳಿಸುತ್ತೇವೆಂದು ಹೋಗುತ್ತಿದ್ದರು. ಇವನೊಬ್ಬ ಮಾತ್ರ, ಹಿತ್ತಲಲ್ಲಿ ಇಬ್ಬರನ್ನೇ ಬಿಟ್ಟಾಗ, "ನಿಮಗ ಏನ್ ಮಾಡಿದ್ರ ಖುಷಿ ಆಗ್ತೈತ್ರಿ?" ಎಂದು ಕೇಳಿದ್ದ. ಹಾಗೆ ಅವಳನ್ನು ಹಿಂದೆ ಯಾರೂ ಕೇಳಿರಲಿಲ್ಲ. ಕುಣಿಯೋದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಈ ಮೈಯವಳು ಆ ಮಾತಾಡಿದರೆ ನಗುತ್ತಾನೆಂದು ಹೆದರಿ, "ಓದೋದು" ಎಂದಿದ್ದಳು. "ನನಗೂ ಓದೋದಂದ್ರ ಭಾಳ ಇಷ್ಟ" ಎಂದು ಅವನು ನಕ್ಕಿದ್ದ. ಮುಂದಿನ ವಾರ, ಜೋಡಿ ಹೊಂದುವುದಿಲ್ಲ ಎಂದು ಅವರ ಕಡೆಯಿಂದ ಸುದ್ದಿ ಬಂತು. ಅಂದಿನಿಂದ ಇಂದಿನವರೆಗೆ ಪುಷ್ಪಲತಾ ಆ ಹಿತ್ತಲಿಗೆ ಎಷ್ಟು ಸಲ ಹೋಗಿ ನಿಂತು, ಎಷ್ಟು ಸಲ ಬೇರೆ ಉತ್ತರ ಕೊಟ್ಟು ನೋಡಿದ್ದಳೋ!

"ನಮಸ್ಕಾರ್ರಿ ಮೇಡಂ," ಎಂದ ಮಾರೇಶ್. "ಮನಿಯಾಗ ದಿನಾ ನಿಮ್ಮದ ಮಾತು. ನೀವು ಇದ ಊರಿನವ್ರೇನ್ರಿ?"

"ಹೌದ್ರಿ. ಇದ ಊರು."

"ಚಲೋ ಆತು ಬಿಡ್ರಿ. ಇಕಿಗೆ ಒಬ್ರು ಜೊತಿ ಸಿಕ್ಕಂಗಾತು."

ಅವನ ಮುಖದಲ್ಲಿ ಏನೂ ಇರಲಿಲ್ಲ. ಮರೆಮಾಚುತ್ತಿರಲಿಲ್ಲ, ನಿಜವಾಗಿಯೂ ನೆನಪಿರಲಿಲ್ಲ. ಬೈಕು ತಿರುಗಿಸಿಕೊಂಡು ಗಂಡ ಹೆಂಡತಿ ಹೋದರು.

ಮನೆಗೆ ಬಂದವಳು ತಾಯಿಗೆ ಹೇಳಿದಳು. "ಯವ್ವಾ, ಮಾರೇಶ ಊರಿಗೆ ಬಂದಾನ."

"ಯಾವ ಮಾರೇಶ?"

"ಚಿಗಟೇರಿಯವ. ನನ್ನ ನೋಡಾಕ ಬಂದಿದ್ದನಲ್ಲ."

ಪಕ್ಕೀರಮ್ಮ ಹೂ ಕಟ್ಟುವುದನ್ನು ನಿಲ್ಲಿಸಿ ಯೋಚಿಸಿದಳು. "ಎಷ್ಟ್ ಮಂದಿ ಬಂದ್ರು, ಎಷ್ಟ್ ಮಂದಿ ಹೋದ್ರು. ಯಾರನ್ನಂತ ನೆನಪಿಟ್ಕೊಳ್ಲಿ ನಾನು?"

ತಾಯಿಗೂ ನೆನಪಿಲ್ಲ. ಅಂದರೆ ಆ ಹಿತ್ತಲು, ಆ ಪ್ರಶ್ನೆ, ಆ ನಗು ಇಡೀ ಲೋಕದಲ್ಲಿ ತನ್ನೊಬ್ಬಳ ಹತ್ತಿರ ಮಾತ್ರ ಉಳಿದಿದೆ. ಇಲ್ಲದ ಮನೆಗೆ ಇಷ್ಟು ವರ್ಷ ದೀಪ ಹಚ್ಚಿಟ್ಟಂತಾಗಿತ್ತು. ಪುಷ್ಪಲತಾ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಮಂಡಿ ನೋವು ಎಂದು ಹೇಳಿ ಕ್ಲಾಸ್ ಬಿಟ್ಟಳು. ಚಂದನಾ ಫೋನ್ ಮಾಡಿದರೆ ನಾಳೆ ಬರುತ್ತೇನೆ ಎನ್ನುತ್ತಿದ್ದಳು. ಬೆಳಿಗ್ಗೆ ಎಚ್ಚರವಾಗುತ್ತಿತ್ತು, ಟೀ ಶರ್ಟ್ ಕೈಗೆ ತೆಗೆದುಕೊಂಡು ಮತ್ತೆ ಮಡಿಚಿಡುತ್ತಿದ್ದಳು. ಗೊಬ್ಬರದಂಗಡಿಯ ಕಡೆಯಿಂದ ಹಾಡು ತೇಲಿ ಬಂದಂತೆ ಕೇಳುತ್ತಿತ್ತು. ಅಷ್ಟು ದೂರ ಕೇಳುವುದು ಸಾಧ್ಯವೇ ಇರಲಿಲ್ಲ.

ಕ್ಲಾಸ್ ಬೇಡ ಎಂದಿದ್ದ ಪಕ್ಕೀರಮ್ಮನೇ ಕೊನೆಗೆ ತಡೆಯಲಾರದೆ ಹೇಳಿದಳು. "ಏನಾಗೈತೋ ನಾ ಕೇಳಂಗಿಲ್ಲವಾ. ಆದ್ರ ಮೂರು ತಿಂಗಳು ನೀನು ಬೆಳಿಗ್ಗೆ ನಕ್ಕೋತ ಮನಿಗೆ ಬರ್ತಿದ್ದಿ. ಅದನ್ನ ನಾ ಹಿಂದ ಎಂದೂ ನೋಡಿದ್ದಿಲ್ಲ."

ಅದೇ ವಾರ ಕ್ರಾಂತಿ ಮನೆ ಹುಡುಕಿಕೊಂಡು ಬಂದಳು. ಬಾಗಿಲಲ್ಲೇ ನಿಂತು, "ನನ್ನಿಂದ ಏನಾರ ತಪ್ಪಾತೇನ್ರಿ ಮೇಡಂ?" ಎಂದಳು. ಮುಖ ಸಣ್ಣದಾಗಿತ್ತು. "ಊರಾಗ ನನಗ ನೀವೊಬ್ರ ಇರೋದು. ನೀವು ಬರದಿದ್ರ ನಾನೂ ಬಿಡ್ತೀನಿ."

ಪುಷ್ಪಲತಾ ಅವಳನ್ನು ಒಳಗೆ ಕೂರಿಸಿ ಚಹಾ ಕೊಟ್ಟಳು. ಎಲ್ಲವನ್ನೂ ಹೇಳಿಬಿಡಲೇ ಎನಿಸಿತು. ಹೇಳಿದರೆ ಏನು ಸಿಗುತ್ತದೆ, ಏನು ಹೋಗುತ್ತದೆ ಎಂದು ಯೋಚಿಸಿದಳು. ಕೊನೆಗೆ ಕೇಳಿದ್ದು ಇಷ್ಟೇ:

"ನಿಮ್ಮವ್ರು ಭಾಳ ಪುಸ್ತಕ ಓದ್ತಾರೇನ್ರಿ?"

"ಪುಸ್ತಕ?" ಕ್ರಾಂತಿಗೆ ಚಹಾ ನೆತ್ತಿಗೇರಿತು. "ಮದುವಿ ಆದಾಗಿಂದ ಒಂದು ಪುಸ್ತಕ ಮುಟ್ಟಿದ್ದು ನೋಡಿಲ್ರಿ. ಪೇಪರಿನಾಗೂ ಕ್ರಿಕೆಟ್ ಪುಟ ಅಷ್ಟ. ಯಾಕ್ರಿ?"

ಪುಷ್ಪಲತಾಗೆ ನಗು ಬಂತು. ಮೊದಲು ಸಣ್ಣಗೆ, ಆಮೇಲೆ ತಡೆಯಲಾಗದಷ್ಟು. ಆ ಹಿತ್ತಲಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿಸಲು ಸುಳ್ಳು ಹೇಳಿದ್ದರು! ಯಾಕೆಂದು ತಿಳಿಯದಿದ್ದರೂ ಕ್ರಾಂತಿಯೂ ನಕ್ಕಳು. ಒಳಗಿನಿಂದ ಪಕ್ಕೀರಮ್ಮ ಇಣುಕಿ ನೋಡಿ ಹೋದಳು.

ಮರುದಿನ ಇಬ್ಬರೂ ಕ್ಲಾಸಿಗೆ ಹೋದರು.

ಯುಗಾದಿ ಕಳೆದ ಮೇಲೆ ಮಾರೇಶನಿಗೆ ಮತ್ತೆ ವರ್ಗವಾಯಿತು. ಕ್ರಾಂತಿ ಹರಪನಹಳ್ಳಿಗೆ ಹೊರಟಳು. ಸಾಮಾನಿನ ಗಾಡಿ ಹೋಗುವವರೆಗೂ ಇಬ್ಬರೂ ಜೊತೆಗೇ ಇದ್ದರು. ಪುಷ್ಪಲತಾ ಕ್ಲಾಸ್ ಬಿಡಲಿಲ್ಲ. ಈಗ ಅವಳು ಎರಡನೇ ಸಾಲಿನಲ್ಲಿ, ಕನ್ನಡಿಯ ಎದುರಿಗೇ ನಿಲ್ಲುತ್ತಿದ್ದಳು. ತೂಕ ಇಳಿದದ್ದು ಸ್ವಲ್ಪವೇ, ಸಕ್ಕರೆ ಮಾತ್ರ ಹತೋಟಿಗೆ ಬಂದಿತ್ತು. ಕನ್ನಡಿಯೊಳಗಿನ ಹೆಂಗಸು ದೊಡ್ಡವಳೇ. ಆದರೆ ತೋಳು ಎತ್ತಿದಾಗ ಆ ತೋಳು ಹಗುರಾಗಿ ಮೇಲೇಳುವುದನ್ನು ನೋಡಲು ಅವಳಿಗೆ ಇಷ್ಟವಾಗುತ್ತಿತ್ತು. ಜೋಡಿ ಹೆಜ್ಜೆ ಬಂದಾಗ ಚಂದನಾಳೇ ಬಂದು ಕೈ ಹಿಡಿಯುತ್ತಿದ್ದಳು. ಚಂದನಾಗೆ ತಾಳ ಒಂದು ಸಲವೂ ತಪ್ಪುತ್ತಿರಲಿಲ್ಲ. ಪುಷ್ಪಲತಾಗೆ ಕ್ರಾಂತಿಯ ಆ ತಪ್ಪೇ ಬೇಕಾಗುತ್ತಿತ್ತು.

ಒಂದು ಭಾನುವಾರ ತಡೆಯಲಾರದೆ ಹರಪನಹಳ್ಳಿ ಬಸ್ಸು ಹತ್ತಿದಳು. ಹೇಳದೆ ಹೋದದ್ದು. ಬಾಗಿಲು ತೆಗೆದವನು ಮಾರೇಶ್.

"ಓಹೋ ಮೇಡಂ, ಬರ್ರಿ ಬರ್ರಿ."

"ಕ್ರಾಂತಿ ಅದಾರೇನ್ರಿ?" ಎಂದಳು ಪುಷ್ಪಲತಾ. ಅವನ ಹಿಂದಿನ ಕೋಣೆಯ ಕಡೆಗೇ ಅವಳ ಕಣ್ಣಿತ್ತು.

ಕ್ರಾಂತಿ ಓಡಿ ಬಂದಳು. ಊಟವಾಗಿ, ಬಿಸಿಲು ತಗ್ಗಿದ ಮೇಲೆ ಇಬ್ಬರೂ ಮಾಳಿಗೆ ಹತ್ತಿದರು. ಕ್ರಾಂತಿ ಮೊಬೈಲಿನಲ್ಲಿ ಹಾಡು ಹಚ್ಚಿ ಅದನ್ನು ನೀರಿನ ಟ್ಯಾಂಕಿಗೆ ಒರಗಿಸಿಟ್ಟಳು. ಚಂದನಾ ಹೊಸದಾಗಿ ಕಲಿಸಿದ್ದನ್ನು ಪುಷ್ಪಲತಾ ತೋರಿಸಿದಳು. ಪಕ್ಕದ ಮಾಳಿಗೆಯಲ್ಲಿ ಬಟ್ಟೆ ತೆಗೆಯಲು ಬಂದ ಹೆಂಗಸರು ಬಟ್ಟೆ ಬಿಟ್ಟು ಇವರನ್ನೇ ನೋಡುತ್ತ ನಿಂತರು. ಪುಷ್ಪಲತಾ ಅವರನ್ನು ಕಂಡಳು, ಆದರೆ ನಿಲ್ಲಿಸಲಿಲ್ಲ. ಕ್ರಾಂತಿ ಎಡಕ್ಕೆ ಹೋಗಬೇಕಾದಲ್ಲಿ ಬಲಕ್ಕೆ ಬಂದು ಡಿಕ್ಕಿ ಹೊಡೆದಳು. ಇಬ್ಬರೂ ಟ್ಯಾಂಕಿನ ನೆರಳಿಗೆ ಕುಸಿದು ಕೂತು ನಕ್ಕರು.

"ಮತ್ತ ಯಾವಾಗ ಬರ್ತೀರಿ?"

"ಮುಂದಿನ ಭಾನುವಾರ."

"ಖರೇ?"

"ಖರೇನ ರೀ."

ಸಂಜೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಹಡಗಲಿ ಹತ್ತಿರವಾದಂತೆ ತೋಟಗಳಿಂದ ಮಲ್ಲಿಗೆಯ ವಾಸನೆ ಒಳಗೆ ಬರತೊಡಗಿತು. ಕಾಲುಗಳು ನೋಯುತ್ತಿದ್ದವು. ಮುಂದಿನ ಭಾನುವಾರ ಇನ್ನೂ ದೂರವಿತ್ತು.