ಹದಿನಾಲ್ಕನೆಯ ಮೊಳೆ

"ಈ ಕಾಲರಿನ ಗುಂಡಿ ಹಾಕು ಬಾ ಮಗಳೇ, ನನ್ನ ಬೆರಳು ಇವತ್ತು ಮಾತು ಕೇಳ್ತಿಲ್ಲ" ಎಂದು ಬೀಗದಮ್ಮ ಕತ್ತು ಮುಂದೆ ಚಾಚಿದರು.

ನರ್ಸ್ ಗುಂಡಿ ಹಾಕಿದಳು. ಹಾಕುವಾಗ ಅವರ ಭುಜದಾಚೆ ಗೋಡೆಯ ಹಲಗೆ ಕಾಣಿಸಿತು. ನೋಡಬಾರದು ಅಂದುಕೊಂಡೇ ನೋಡಿದಳು. ಮೂವತ್ತೆರಡು ಮೊಳೆಗಳು. ಒಂದೊಂದರ ಕೆಳಗೂ ಸೀಮೆಸುಣ್ಣದಲ್ಲಿ ಮನೆ ನಂಬರು. ಹದಿನಾಲ್ಕರ ಮೊಳೆಯಲ್ಲಿ ಮಾತ್ರ ಕೆಂಪು ದಾರದ ಒಂದು ಬೀಗದ ಕೈ ತೂಗುತ್ತಿತ್ತು. ಅದು ಅವಳ ಮನೆಯದು.

"ಏನು ನೋಡ್ತಿದೀಯ? ಬೋಳಾಗಿದೆ ಅಂತಾನಾ?" ಬೀಗದಮ್ಮ ನಕ್ಕರು. "ಒಂದೇ ವಾರದಲ್ಲಿ ಮೂವತ್ತೊಂದು ಮನೆ ಬೀಗ ಕೆಟ್ಟು ಹೋಯ್ತಂತೆ. ಎಲ್ರೂ ಹೊಸದು ಹಾಕಿಸ್ತಾರಂತೆ. ಇಂಥ ಅಂಟುರೋಗ ನಿಮ್ಮ ಆಸ್ಪತ್ರೇಲೂ ನೀನು ನೋಡಿರಲಿಕ್ಕಿಲ್ಲ."

ನರ್ಸ್ ಬಗ್ಗಿ ಅವರ ಚಪ್ಪಲಿ ಹುಡುಕಿದಳು. ಚಪ್ಪಲಿ ಎದುರಿಗೇ ಇತ್ತು.

ಮೂವತ್ತೊಂದು ವರ್ಷದಿಂದ ಆ ಬೀದಿಯಲ್ಲಿ ಕೆಲಸಕ್ಕೆ ಹೋಗುವವರೆಲ್ಲ ಇನ್ನೊಂದು ಬೀಗದ ಕೈಯನ್ನು ಬೀಗದಮ್ಮನ ಹತ್ತಿರ ಬಿಟ್ಟು ಹೋಗುತ್ತಿದ್ದರು. ಗ್ಯಾಸಿನವನು ಬಂದರೆ ಬಾಗಿಲು ತೆಗೆಯುವುದು ಅವರೇ. ಆರನೇ ನಂಬರಿನಲ್ಲಿ ಹಾಸಿಗೆ ಹಿಡಿದಿದ್ದ ಮುದುಕರಿಗೆ ಮಧ್ಯಾಹ್ನದ ಮಾತ್ರೆ ಕೊಟ್ಟಿದ್ದೂ ಅವರೇ. ಒಂದು ಪೈಸೆ ಮುಟ್ಟಿದವರಲ್ಲ. ನರ್ಸಿನ ಮಗಳು ಶಾಲೆಯಿಂದ ಬಂದಾಗ ಬಾಗಿಲು ತೆಗೆದು, ಹಾಲು ಕಾಯಿಸಿ ಕೊಟ್ಟು, ಅವಳ ಜಡೆ ಬಿಚ್ಚಿ ಬಾಚಿದ್ದು ಒಂಬತ್ತು ವರ್ಷ. ತಮ್ಮ ಮನೆಗೆ ಮಾತ್ರ ಅವರು ಬೀಗ ಹಾಕಿದ್ದನ್ನು ಯಾರೂ ನೋಡಿರಲಿಲ್ಲ. "ಊರ ಬೀಗ ಕಾಯೋಳಿಗೆ ಬೀಗ ಯಾಕೆ?" ಅನ್ನುತ್ತಿದ್ದರು.

ಸನ್ಮಾನ ಮಾಡೋಣ ಅಂತ ಬೀದಿಯ ಸಂಘದವರು ತೀರ್ಮಾನಿಸಿದಾಗ, ನೆನಪಿನ ಕಾಣಿಕೆ ಏನಿರಲಿ ಎಂಬ ಪ್ರಶ್ನೆ ಬಂತು. ಬಡಗಿಯ ಹತ್ತಿರ ಮರದಲ್ಲಿ ಒಂದು ದೊಡ್ಡ ಬೀಗದ ಕೈ ಮಾಡಿಸಿ ಬಂಗಾರದ ಬಣ್ಣ ಹೊಡೆಸೋಣ ಎಂದವಳು ನರ್ಸೇ. ಎಲ್ಲರೂ ಭಲೇ ಅಂದರು. ಅದು ಎರಡು ತಿಂಗಳ ಹಿಂದಿನ ಮಾತು.

ಮೂರು ವಾರದ ಹಿಂದೆ ಒಂದು ಮಧ್ಯಾಹ್ನ ಅವಳು ಆಸ್ಪತ್ರೆಯಿಂದ ಬೇಗ ಬಂದಳು. ಬಾಗಿಲು ತೆರೆದಿತ್ತು. ಮನೆ ತುಂಬ ಹೊಗೆ. ಒಲೆಯ ಮೇಲೆ ಹಾಲಿನ ಪಾತ್ರೆ ಕರಿಕಟ್ಟಿ, ಕೆಳಗೆ ಬೆಂಕಿ ಉರಿಯುತ್ತಲೇ ಇತ್ತು. ಮೇಜಿನ ಮೇಲೆ ಮಗಳ ಲೋಟ, ಪಕ್ಕದಲ್ಲಿ ಬಾಚಣಿಗೆ. ಮಗಳು ಹಾಸ್ಟೆಲಿಗೆ ಹೋಗಿ ಎರಡು ವರ್ಷವಾಗಿತ್ತು.

ಪಾತ್ರೆ ಉಜ್ಜಿಟ್ಟು, ತಡೆಯಲಾರದೆ ಗಂಡನಿಗೊಬ್ಬನಿಗೆ ಹೇಳಿದಳು. "ಯಾರಿಗೂ ಹೇಳಬೇಡಿ" ಎಂದೂ ಸೇರಿಸಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ಸಂಘದ ಕಾರ್ಯದರ್ಶಿಗೆ ಹೇಳಿದ. ಆಮೇಲೆ ಒಬ್ಬೊಬ್ಬರ ಮನೆಯ ಬೀಗವೂ ಕೆಡತೊಡಗಿತು.

"ನಮ್ಮದನ್ನ ನೀನು ತರ್ತೀಯೋ, ನಾನೇ ಹೋಗ್ಲೋ?" ಎಂದು ಇವತ್ತು ಬೆಳಿಗ್ಗೆಯೂ ಗಂಡ ಕೇಳಿದ್ದ. "ಬೆಂಕಿ ಅಂದ್ರೆ ಆಟ ಅಲ್ಲ ಕಣೇ. ಪಕ್ಕದ ಮನೇಲಿ ಹಸುಗೂಸಿದೆ."

"ಸನ್ಮಾನ ಒಂದು ಮುಗೀಲಿ ರೀ. ನಾನೇ ಕೇಳ್ತೀನಿ."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಇಂಥ ಮರೆವು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಅವನಿಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು. ತಪ್ಪಿದ್ದಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಸಂಜೆ ಸನ್ಮಾನಕ್ಕೆ ಶಾಲೆಯ ಕೋಣೆ ತುಂಬಿತ್ತು. ಬೀಗದಮ್ಮನನ್ನು ವೇದಿಕೆಗೆ ಕರೆದರೆ, ಅವರು ಹಿಂದಿನ ಸಾಲಿನಲ್ಲಿ ನಿಂತವರಿಗೆ ಕುರ್ಚಿ ಎಳೆದು ಹಾಕುತ್ತಿದ್ದರು. ನರ್ಸ್ ಹೋಗಿ ಕೈಹಿಡಿದು ಕರೆತಂದಳು. ಕಾರ್ಯದರ್ಶಿ ಭಾಷಣ ಮಾಡಿದರು. ಆಮೇಲೆ ನರ್ಸ್ ತಾನು ಬರೆದ ಸನ್ಮಾನ ಪತ್ರ ಓದಿದಳು. ನಂಬಿಕೆ ಎಂಬ ಮಾತನ್ನು ನಾಲ್ಕು ಸಲ ಬರೆದು ನಾಲ್ಕು ಸಲವೂ ಹೊಡೆದುಹಾಕಿದ್ದಳು. ಅದಿಲ್ಲದೆ ಪತ್ರ ಅರ್ಧ ಪುಟಕ್ಕೇ ಮುಗಿಯಿತು. ಓದಿ ತಲೆ ಎತ್ತಿದಾಗ ಗಂಡನ ಕುರ್ಚಿ ಖಾಲಿ ಇತ್ತು.

ಮರದ ಬೀಗದ ಕೈ ಮೊಳದುದ್ದ ಇತ್ತು. ಬೀಗದಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಏನನ್ನೋ ಹುಡುಕಿದರು.

"ಇದು ಯಾವ ನಂಬರಿನ ಮನೇದು?" ಎಂದರು.

ಕೋಣೆಗೆ ಕೋಣೆಯೇ ನಕ್ಕಿತು. "ಇಡೀ ಬೀದೀದು ಬೀಗದಮ್ಮ!" ಎಂದು ಕಾರ್ಯದರ್ಶಿ ಕೂಗಿದರು. ಚಪ್ಪಾಳೆ ನಿಲ್ಲಲೇ ಇಲ್ಲ. ಅವರು ತಮಾಷೆ ಮಾಡಿದರೋ ನಿಜವಾಗಿ ಕೇಳಿದರೋ, ಪಕ್ಕದಲ್ಲಿ ನಿಂತ ನರ್ಸಿಗೂ ತಿಳಿಯಲಿಲ್ಲ. ಅಷ್ಟರಲ್ಲಿ ಗಂಡ ಬಾಗಿಲಲ್ಲಿ ಕಾಣಿಸಿಕೊಂಡು, ಕುರ್ಚಿಗೆ ಬಂದು, ಎಲ್ಲರ ಜೊತೆ ಚಪ್ಪಾಳೆ ತಟ್ಟಿದ.

ಮನೆಗೆ ಬಿಡಲು ನರ್ಸೇ ಹೊರಟಳು. ದಾರಿಯುದ್ದಕ್ಕೂ ಬೀಗದಮ್ಮ ಅವಳ ತೋಳು ಹಿಡಿದಿದ್ದರು. ಮರದ ಬೀಗದ ಕೈ ಅವಳ ಕಂಕುಳಲ್ಲಿತ್ತು.

"ನಾನೇನು ಕುರುಡಿ ಅಲ್ಲ ಕಣೇ" ಎಂದರು ಅವರು ಇದ್ದಕ್ಕಿದ್ದಂತೆ. "ಬೀಗ ಕೆಟ್ಟಿಲ್ಲ ಅಂತ ನಂಗೂ ಗೊತ್ತು. ನನ್ನ ತಲೆ ಕೆಟ್ಟಿದೆ ಅಂತ ಯಾರೋ ಹೇಳಿದಾರೆ. ಹೇಳ್ಲಿ ಬಿಡು. ನೀನೊಬ್ಬಳು ನಂಬಿದೀಯಲ್ಲ, ಅಷ್ಟು ಸಾಕು."

ಇರಲಿ, ಆ ಮೊಳೆಯಲ್ಲೇ ಇರಲಿ ಎಂದು ನರ್ಸ್ ಆಗಲೇ ತೀರ್ಮಾನಿಸಿದಳು. ಬೀಗದಮ್ಮನಿಗೆ ತಿಳಿಯದ ಹಾಗೆ ಮನೆಯ ಬೀಗವನ್ನೇ ಬದಲಾಯಿಸಿದರಾಯಿತು. ಹಳೆಯ ಬೀಗದ ಕೈ ಅಲ್ಲೇ ತೂಗಲಿ.

ಬೀಗದಮ್ಮ ಬಾಗಿಲು ತಳ್ಳಿದರು. ದೀಪ ಹಾಕಿದರು. ಹದಿನಾಲ್ಕರ ಮೊಳೆಯೂ ಖಾಲಿಯಾಗಿತ್ತು.

ಖಾಲಿ ಕುರ್ಚಿ ನರ್ಸಿನ ಕಣ್ಣ ಮುಂದೆ ಬಂತು.

"ಅಯ್ಯೋ" ಎಂದರು ಬೀಗದಮ್ಮ. ಹಲಗೆಯ ಹತ್ತಿರ ಹೋಗಿ ಮೊಳೆಯನ್ನು ಬೆರಳಿನಿಂದ ಮುಟ್ಟಿದರು. "ಇಲ್ಲೇ ಇತ್ತು. ಬೆಳಿಗ್ಗೆ ಇತ್ತು, ಅಲ್ವಾ? ಎಲ್ಲಿಟ್ಟೆ ನಾನು? ನಿನ್ನ ಮನೆ ಕೀ ಕಣೇ ಅದು!" ಜೇಬು ತಡವಿದರು. ಡಬ್ಬಿಗಳ ಮುಚ್ಚಳ ತೆಗೆದರು. "ಅವ್ರು ಹೇಳಿದ್ದೇ ನಿಜ. ಮೂವತ್ತೊಂದು ವರ್ಷದಲ್ಲಿ ಒಂದೂ ಕಳೆದಿರಲಿಲ್ಲ."

"ದೊಡ್ಡಮ್ಮ..." ಎಂದಳು ನರ್ಸ್.

"ಏನು? ನೀನು ನೋಡಿದ್ಯಾ?"

ಅವರು ತಿರುಗಿ ನಿಂತು ಕಾದರು. ಕೈಯಲ್ಲಿ ಒಂದು ಡಬ್ಬಿಯ ಮುಚ್ಚಳವಿತ್ತು. ಗಂಡ ಒಯ್ದ ಎಂದರೆ, ಯಾಕೆ ಒಯ್ದ ಎಂದೂ ಹೇಳಬೇಕು. ಹಾಲಿನ ಪಾತ್ರೆಯ ಸುದ್ದಿ ಎಲ್ಲಿಂದ ಹೊರಟಿತು ಎಂದೂ ಹೇಳಬೇಕು.

"ಇಲ್ಲ" ಎಂದಳು. "ಇಲ್ಲೇ ಎಲ್ಲೋ ಬಿದ್ದಿರತ್ತೆ. ಹುಡುಕೋಣ."

"ಮಂಚದ ಕೆಳಗೆ ನೋಡು ಮಗಳೇ, ನಂಗೆ ಬಗ್ಗೋಕಾಗಲ್ಲ."

ನರ್ಸ್ ಮರದ ಬೀಗದ ಕೈಯನ್ನು ಮಂಚದ ಮೇಲಿಟ್ಟು, ನೆಲಕ್ಕೆ ಮೊಣಕಾಲೂರಿದಳು. ಫೋನಿನ ಬೆಳಕಿನಲ್ಲಿ ಧೂಳು, ಒಂದು ಹಳೆಯ ರಿಬ್ಬನ್ನು, ಸೀಮೆಸುಣ್ಣದ ಚೂರು ಕಂಡವು.

"ಇದೆಯಾ?" ಎಂದು ಮೇಲಿನಿಂದ ದನಿ ಕೇಳಿತು.

ಅವಳು ಇನ್ನಷ್ಟು ಒಳಕ್ಕೆ ಕೈ ಚಾಚಿ ತಡವತೊಡಗಿದಳು.